ಕಿಲ್ಪೆಕ್‌ನ ಕೆಂಪುಗಲ್ಲು: ಹೆರೆಫರ್ಡ್‌ಶೈರ್‌ನ ಹಳ್ಳಿ ಚರ್ಚುಗಳ ಹಾದಿಯಲ್ಲಿ

ಮೊದಲ ದಿನ: ಹೆರೆಫರ್ಡ್

ಇಂಗ್ಲೆಂಡಿನ ಪಶ್ಚಿಮದ ಅಂಚಿನಲ್ಲಿ ವೇಲ್ಸ್‌ಗೆ ತಾಗಿಕೊಂಡಿರುವ ಹೆರೆಫರ್ಡ್‌ಶೈರ್ ಸೇಬಿನ ತೋಟಗಳ, ಬಿಳಿ ಮುಖದ ಕಂದುಗೆಂಪು ದನಗಳ, ಕೆಂಪು ಮಣ್ಣಿನ ನಾಡು. ಲಂಡನ್, ಎಡಿನ್‌ಬರೋ ನೋಡಿ ಮುಗಿಸಿದವರೂ ಇತ್ತ ಸುಳಿಯುವುದು ಕಡಿಮೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡುವ ತಮ್ಮನಿಗೆ ಮೇ ತಿಂಗಳಲ್ಲಿ ರಜೆ ಸಿಕ್ಕಿತು. ಎಲ್ಲಿಗೆ ಹೋಗೋಣ ಎಂದು ಕೇಳಿದ. ನಾನು ಕಿಲ್ಪೆಕ್ ಎಂದೆ. ಇಂಗ್ಲೆಂಡಿಗೆ ಬಂದು ನೆಲೆಸಿದ ಇಷ್ಟು ವರ್ಷಗಳಲ್ಲಿ ಅವನು ಆ ಹೆಸರನ್ನೇ ಕೇಳಿರಲಿಲ್ಲ.

ಕೇಳದಿರುವುದು ಸಹಜ. ಅದೊಂದು ಪುಟ್ಟ ಹಳ್ಳಿ. ಆದರೆ 12ನೆಯ ಶತಮಾನದ ನಡುಭಾಗದಲ್ಲಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಶಿಲ್ಪಿಗಳ ತಂಡ ಓಡಾಡಿ ಕೆಲಸ ಮಾಡಿತು. ಆ ತಂಡದ ಕೆಲಸ ಎಲ್ಲಕ್ಕಿಂತ ಹೆಚ್ಚು ಉಳಿದಿರುವುದು ಕಿಲ್ಪೆಕ್‌ನಲ್ಲಿ. ಕಲೆಯ ಇತಿಹಾಸ ಬರೆಯುವವರು ಅವರನ್ನು 'ಹೆರೆಫರ್ಡ್‌ಶೈರ್ ಶಾಲೆ' ಎನ್ನುತ್ತಾರೆ. ಹೆಸರುಗಳು ಯಾರಿಗೂ ತಿಳಿದಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಪೀಠದಲ್ಲೇ ಹೆಸರು ಕೊರೆದು ಹೋದರು. ಹೆರೆಫರ್ಡ್‌ಶೈರ್‌ನ ರೂವಾರಿಗಳನ್ನು ಗುರುತಿಸಲು ಅವರ ಉಳಿಯ ಕೈಚಳಕವೊಂದೇ ದಾರಿ: ಒತ್ತೊತ್ತಾದ ಗೆರೆಗಳ ಬಟ್ಟೆ, ಉಬ್ಬಿದ ಕಣ್ಣು, ಬಳ್ಳಿಯ ಸುರುಳಿಯಲ್ಲಿ ಸಿಕ್ಕಿಕೊಂಡ ಮೈ. ಆ ಗುರುತು ಹಿಡಿದು ಊರಿಂದ ಊರಿಗೆ ಹೋಗಬೇಕೆಂಬುದು ನನ್ನ ಆಸೆಯಾಗಿತ್ತು.

ಈ ಹಳ್ಳಿಗಳಿಗೆ ಬಸ್ಸು ಅಪರೂಪ. ಆದ್ದರಿಂದ ತಮ್ಮನ ಕಾರಿನಲ್ಲೇ ಹೊರಟೆವು. ಮೊದಲ ಮಧ್ಯಾಹ್ನ ಹೆರೆಫರ್ಡ್ ಪಟ್ಟಣದ ಮಹಾಚರ್ಚಿಗೆ ಮೀಸಲು. ಅಲ್ಲಿ ಸುಮಾರು 1300ರಲ್ಲಿ ಒಂದೇ ಕರುವಿನ ಚರ್ಮದ ಮೇಲೆ ಬರೆದ ಜಗತ್ತಿನ ನಕ್ಷೆಯಿದೆ. ಎತ್ತರ ಹೆಚ್ಚುಕಡಿಮೆ 1.6 ಮೀಟರ್. ನಡುವೆ ಜೆರುಸಲೇಮ್, ಕೆಳಗಿನ ಎಡಮೂಲೆಯಲ್ಲಿ ಇಕ್ಕಟ್ಟಿನಲ್ಲಿ ಬ್ರಿಟನ್, ಮೇಲ್ತುದಿಯಲ್ಲಿ ಸ್ವರ್ಗದ ದ್ವೀಪ, ಅದರ ಕೆಳಗೇ ಭಾರತ. ಬೆನ್ನ ಮೇಲೆ ಗೋಪುರ ಹೊತ್ತ ಒಂದು ಆನೆಯನ್ನೂ ಬರೆದಿದ್ದಾರೆ. ತಮ್ಮ ಗಾಜಿಗೆ ಮುಖವೊಡ್ಡಿ ಆ ಆನೆಯನ್ನು ಹುಡುಕಿ ತೋರಿಸಿದ.

ಈ ನಕ್ಷೆಯಲ್ಲಿ ಮೇಲಿರುವುದು ಉತ್ತರವಲ್ಲ, ಪೂರ್ವ. ಮುಂದಿನ ದಿನಗಳಲ್ಲಿ ನೋಡಿದ ಪ್ರತಿಯೊಂದು ಚರ್ಚಿಗೂ ಇದೇ ದಿಕ್ಕು. ಜನ ಪಶ್ಚಿಮದ ಭಾಗದಲ್ಲಿ ನಿಲ್ಲುತ್ತಿದ್ದರು, ಬಲಿಪೀಠ ಪೂರ್ವದ ತುದಿಯಲ್ಲಿ. ಪ್ರಾರ್ಥಿಸುವವರ ಮುಖ ಸೂರ್ಯ ಹುಟ್ಟುವ ಕಡೆಗೆ. ಇದೊಂದು ತಿಳಿದಿದ್ದರೆ ಯಾವ ಹಳೆಯ ಚರ್ಚಿನ ಒಳಗೂ ದಾರಿ ತಪ್ಪುವುದಿಲ್ಲ.

ಈ ಮಹಾಚರ್ಚಿಗೆ ಇನ್ನೊಂದು ನೆನಪೂ ಇದೆ. 1135ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿ ಸತ್ತ ಮೇಲೆ ಅವನ ಸೋದರಳಿಯ ಸ್ಟೀಫನ್ ಮತ್ತು ಮಗಳು ಮಟಿಲ್ಡಾ ಇಬ್ಬರೂ ಸಿಂಹಾಸನಕ್ಕೆ ಕಾದಾಡಿದರು. ಆ ಜಗಳದಲ್ಲಿ 1140ರ ಸುಮಾರಿಗೆ ಮಟಿಲ್ಡಾಳ ಪಕ್ಷದವರು ಹೆರೆಫರ್ಡ್ ಕೋಟೆಗೆ ಮುತ್ತಿಗೆ ಹಾಕಿದರು. ಚರ್ಚಿನ ಗೋಪುರದ ಮೇಲೆ ಕಲ್ಲೆಸೆಯುವ ಯಂತ್ರ ಏರಿಸಿದರು. ಒಡ್ಡು ಕಟ್ಟಲು ಸ್ಮಶಾನದ ಮಣ್ಣು ಅಗೆದರು, ಹೂತ ಹೆಣಗಳು ಹೊರಗೆ ಬಂದವು. ಕಿಲ್ಪೆಕ್‌ನ ಬಾಗಿಲು ಕೆತ್ತಿದ್ದು ಇದೇ ವರ್ಷಗಳಲ್ಲಿ. ಸುತ್ತ ನಾಡು ಉರಿಯುತ್ತಿದ್ದಾಗ ಅಷ್ಟು ತಾಳ್ಮೆಯ ಕೆಲಸಕ್ಕೆ ಮನಸ್ಸು ಕೂಡಿದ್ದು ಹೇಗೆ ಎಂಬ ಪ್ರಶ್ನೆ ಆ ರಾತ್ರಿ ನನ್ನನ್ನು ಬಿಡಲಿಲ್ಲ.

ಎರಡನೆಯ ದಿನ: ಕಿಲ್ಪೆಕ್

ಹೆರೆಫರ್ಡ್‌ನಿಂದ ನೈಋತ್ಯಕ್ಕೆ ಸುಮಾರು 14 ಕಿ.ಮೀ. ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಒಂದೇ ಕಾರು ಹೋಗುವಷ್ಟು ಅಗಲದ ರಸ್ತೆ. ಇಕ್ಕೆಲದ ಬೇಲಿಯಲ್ಲಿ ಹಾಥಾರ್ನ್ ಬಿಳಿಯಾಗಿ ಹೂತಿತ್ತು. ಕೆಲವು ಮನೆಗಳು, ಒಂದು ಪಬ್, ಆಮೇಲೆ ಸ್ಮಶಾನದ ಹುಲ್ಲಿನ ನಡುವೆ ಚರ್ಚು.

ಮೊದಲು ಕಾಣುವಾಗ ಇದು ಇಷ್ಟು ಚಿಕ್ಕದೇ ಅನ್ನಿಸುತ್ತದೆ. ಗೋಪುರವಿಲ್ಲ, ಪಶ್ಚಿಮದ ಗೋಡೆಯ ನೆತ್ತಿಯಲ್ಲಿ ಗಂಟೆ ತೂಗುವ ಒಂದು ಕಟ್ಟೆ ಮಾತ್ರ, ಅದೂ 19ನೆಯ ಶತಮಾನದ್ದು. ಕಟ್ಟಡಕ್ಕೆ ಮೂರೇ ಭಾಗ: ಜನ ಸೇರುವ ಉದ್ದನೆಯ ಅಂಕಣ, ಅದಕ್ಕಿಂತ ಕಿರಿದಾದ ಪಾದ್ರಿಯ ಭಾಗ, ಪೂರ್ವದ ತುದಿಯಲ್ಲಿ ಅರ್ಧವರ್ತುಲದ ಬಲಿಪೀಠದ ಕೋಣೆ. ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಸುಮಾರು 1140ರಲ್ಲಿ ಕಟ್ಟಿದ ಯೋಜನೆ ಇಂದಿಗೂ ಹಾಗೆಯೇ ಇದೆ. ಇಂಗ್ಲೆಂಡಿನಲ್ಲಿ ಇದು ಅಪರೂಪ. ಸಾಮಾನ್ಯವಾಗಿ ಹಳ್ಳಿಯ ಚರ್ಚೆಂದರೆ ಹಲವು ಕಾಲಗಳ ಸೇರ್ಪಡೆ: 12ನೆಯ ಶತಮಾನದ ಬಾಗಿಲು, 13ನೆಯದರ ಚೂಪುಕಮಾನಿನ ಕಿಟಕಿ, ಜನ ಹೆಚ್ಚಿದಾಗ ಗೋಡೆ ಒಡೆದು ಸೇರಿಸಿದ ಪಕ್ಕದ ಸಾಲು, 15ನೆಯದರಲ್ಲಿ ಉಣ್ಣೆಯ ಹಣ ಬಂದಾಗ ಏರಿದ ಗೋಪುರ. ಪೂರ್ವದ ಅರ್ಧವರ್ತುಲಗಳನ್ನಂತೂ ಬಹುತೇಕ ಕಡೆ ಕೆಡವಿ ಚೌಕವಾಗಿ ಉದ್ದ ಮಾಡಿದರು.

ಕಿಲ್ಪೆಕ್‌ನಲ್ಲಿ ಯಾಕೆ ಕೆಡವಲಿಲ್ಲ? ಉತ್ತರ ಚರ್ಚಿನ ಹಿಂದೆಯೇ ಇದೆ. ಪಶ್ಚಿಮಕ್ಕೆ ನಾಲ್ಕು ಹೆಜ್ಜೆ ಹೋದರೆ ಮಣ್ಣು ಪೇರಿಸಿ ಎಬ್ಬಿಸಿದ ದಿಬ್ಬ, ಅದರ ತಲೆಯ ಮೇಲೆ ಮುರಿದ ಹಲ್ಲುಗಳಂತೆ ನಿಂತ ಕೋಟೆಯ ಗೋಡೆಯ ಎರಡು ಮೂರು ತುಂಡು. 1086ರ ಡೂಮ್ಸ್‌ಡೇ ಭೂದಾಖಲೆಯಲ್ಲಿ ಈ ಊರು ವಿಲಿಯಂ ಫಿಟ್ಸ್ ನಾರ್ಮನ್ ಎಂಬ ನಾರ್ಮನ್ ಒಡೆಯನ ಹೆಸರಿನಲ್ಲಿದೆ. ಅವನ ಮಗ ಹ್ಯೂ 1134ರಲ್ಲಿ ಇಲ್ಲಿಯ ಚರ್ಚನ್ನು ಗ್ಲಾಸ್ಟರ್‌ನ ಮಠಕ್ಕೆ ದತ್ತಿ ಕೊಟ್ಟ. ಈಗಿನ ಕಟ್ಟಡ ಅವನ ಕಾಲದ್ದು. ವೇಲ್ಸ್‌ನ ಗಡಿ ಕಾಯುವ ಕೋಟೆ, ಅದರ ಅಂಗಳಕ್ಕೆ ಅಂಟಿದ ಚರ್ಚು, ಸನ್ಯಾಸಿಗಳ ಪುಟ್ಟ ಮಠ, ಆಮೇಲೆ ಸಂತೆ. ಜಾನ್ ದೊರೆಯೂ ಇಲ್ಲಿಗೆ ಬಂದು ತಂಗಿದ್ದ. ಕಿಲ್ಪೆಕ್ ಪಟ್ಟಣವಾಗಲು ಹೊರಟಿದ್ದ ಊರು.

ಆದರೆ ಆಗಲಿಲ್ಲ. ಗಡಿಯ ಜಗಳ ತಣ್ಣಗಾಯಿತು, ಕೋಟೆಯ ಅಗತ್ಯ ಕಡಿಮೆಯಾಯಿತು, 1428ರಲ್ಲಿ ಮಠವೂ ಮುಚ್ಚಿತು. ಚರ್ಚಿನ ಆಚೆಯ ಹೊಲದಲ್ಲಿ ಹುಲ್ಲಿನ ಕೆಳಗೆ ಏರಿಳಿತಗಳು ಕಾಣುತ್ತವೆ. ಅವು ಹಳೆಯ ಮನೆಗಳ, ಬೀದಿಗಳ, ಊರ ಸುತ್ತಿನ ಒಡ್ಡಿನ ಗುರುತು. ಈಗ ಅಲ್ಲಿ ಕುರಿಗಳು ಮೇಯುತ್ತವೆ. ಊರು ಕುಗ್ಗಿತು, ಚರ್ಚನ್ನು ದೊಡ್ಡದು ಮಾಡಬೇಕಾದ ಜನವೂ ಇಲ್ಲ, ಹಣವೂ ಇಲ್ಲ. ಯಾರೂ ಕೆಡವದೆ ಉಳಿದದ್ದು ಹೀಗೆ. ದಿಬ್ಬದ ಮೇಲೆ ನಿಂತು ಕೆಳಗಿನ ಚರ್ಚನ್ನು ನೋಡುತ್ತ ಇದನ್ನು ತಮ್ಮನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಊರು ಸೋತದ್ದರಿಂದ ಚರ್ಚು ಗೆದ್ದಿತು ಅನ್ನು, ಅಕ್ಕ" ಎಂದ. ಎರಡು ದಿನ ಕಳೆದು ಇನ್ನೊಂದು ಊರಿನಲ್ಲಿ ಈ ಮಾತಿನ ಇನ್ನೊಂದು ಮುಖ ಕಾಣಲಿತ್ತು.

ಈಗ ದಕ್ಷಿಣದ ಬಾಗಿಲು. ಕೆತ್ತನೆ ದಟ್ಟವಾಗಿರುವುದು ಇಲ್ಲಿ. ಬಾಗಿಲ ಮೇಲಿನ ಅರೆವೃತ್ತದ ಕಲ್ಲಿನಲ್ಲಿ ದ್ರಾಕ್ಷಿ ಗೊಂಚಲು ಬಿಟ್ಟ ಒಂದು ಬಳ್ಳಿಮರ, ಜೀವವೃಕ್ಷ ಎನ್ನುತ್ತಾರೆ. ಎಡ ಬಲ ಎಲ್ಲ ಸರಿಸಮ, ಆದರೂ ಯಂತ್ರದ ಕೆಲಸದಂತಿಲ್ಲ. ಕಾಂಡ ತನ್ನ ಶಕ್ತಿಯಿಂದಲೇ ಬಾಗಿ ಮೇಲೆದ್ದ ಹಾಗಿದೆ. ಅದರ ಸುತ್ತಿನ ಕಮಾನಿನಲ್ಲಿ ಕೊಕ್ಕಿನ ಮುಖಗಳು, ವಿಚಿತ್ರ ಮೃಗಗಳು, ನೆತ್ತಿಯಲ್ಲಿ ಒಬ್ಬ ದೇವದೂತ. ಅದರ ಹೊರಸುತ್ತಿನಲ್ಲಿ ಬಳೆಗಳಂತೆ ಕೊಂಡಿ ಹಾಕಿಕೊಂಡ ವೃತ್ತಗಳು. ಪ್ರತಿಯೊಂದರ ಒಳಗೆ ಒಂದು ಹಕ್ಕಿ, ಇಲ್ಲವೇ ಬಾಲ ಕಚ್ಚಿಕೊಂಡ ಪ್ರಾಣಿ. ಅಂಚಿನ ಕಲ್ಲುಗಳಲ್ಲಿ ಒಂದನ್ನೊಂದು ನುಂಗುವ ಸರ್ಪಗಳು. ಬಲಗಂಬದ ಬೋದಿಗೆಯಲ್ಲಿ ಬಾಯಿಂದ ಎಲೆಬಳ್ಳಿ ಕಾರುವ ಹಸಿರು ಮನುಷ್ಯ. ಎಡಗಂಬದಲ್ಲಿ ಬಳ್ಳಿಯೊಳಗೆ ಸಿಕ್ಕಿಕೊಂಡ ಇಬ್ಬರು ಯೋಧರು, ಒಬ್ಬರ ಮೇಲೊಬ್ಬರು. ಅವರ ಉಡುಪು ನೋಡಬೇಕು: ತಲೆಗೆ ಚೂಪು ಟೊಪ್ಪಿ, ಕಾಲಿಗೆ ಅಡಿಯವರೆಗಿನ ಷರಾಯಿ, ಮೈಯೆಲ್ಲ ಹುರಿ ಸುತ್ತಿದಂತೆ ಒತ್ತಾದ ಗೆರೆ. ಈ ಗೆರೆಗಳನ್ನು ಮನಸ್ಸಿನಲ್ಲಿಡಿ. ಮುಂದೆ ಮತ್ತೆ ಬರುತ್ತವೆ.

ಈ ಬಳ್ಳಿ, ಸರ್ಪ, ನುಂಗುವ ಬಾಯಿ ಎಲ್ಲಿಂದ ಬಂದವು? ಹೆಣೆದ ಬಳ್ಳಿಯಲ್ಲಿ ತೆಳ್ಳನೆಯ ಮೃಗ ಸಿಕ್ಕಿಕೊಳ್ಳುವುದು ಉತ್ತರ ಯೂರೋಪಿನ ಕಡಲಿಗರಾದ ವೈಕಿಂಗರ ಮರದ ಕೆತ್ತನೆಯ ಕಡೆಯದು. ಕಮಾನಿನ ಪ್ರತಿಯೊಂದು ಕಲ್ಲಿಗೂ ಒಂದೊಂದು ಆಕೃತಿ ಕೂರಿಸುವುದು ಪಶ್ಚಿಮ ಫ್ರಾನ್ಸಿನ ಪದ್ಧತಿ. ನಾರ್ಮನ್ನರಿಗಿಂತ ಮೊದಲು ಇಂಗ್ಲೆಂಡನ್ನು ಆಳಿದ ಸ್ಯಾಕ್ಸನ್ನರ ಕಲ್ಲುಕೆಲಸದ ನೆರಳೂ ಇದೆ. ಗಡಿನಾಡಿನ ಈ ತಂಡ ಎಲ್ಲವನ್ನೂ ಬಾಚಿಕೊಂಡು ತನ್ನದಾಗಿಸಿಕೊಂಡಿತು. ಎರವಲು ಎಂದು ಎಲ್ಲೂ ಅನ್ನಿಸುವುದಿಲ್ಲ. ಇದೇ ಇವರ ದೊಡ್ಡತನ ಎಂದು ನಾನು ತಿಳಿದಿದ್ದೇನೆ.

ಬಾಗಿಲಿನಿಂದ ಹೊರಟು ಸೂರಿನ ಕೆಳಗೆ ನೋಡುತ್ತ ಇಡೀ ಚರ್ಚನ್ನು ಒಂದು ಸುತ್ತು ಹಾಕಬೇಕು. ಮಾಡಿನ ಅಂಚನ್ನು ಹೊರಲು ಗೋಡೆಯಿಂದ ಹೊರಚಾಚಿದ ಕಲ್ಲುಗಳ ಸಾಲು ಉದ್ದಕ್ಕೂ ಇದೆ. ಮೂಲದಲ್ಲಿ 91 ಇದ್ದವು, ಈಗ 85 ಉಳಿದಿವೆ. ಒಂದರಲ್ಲಿ ಬೇಟೆನಾಯಿಯೂ ಮೊಲವೂ ಅಕ್ಕಪಕ್ಕ, ಗೆಳೆಯರ ಹಾಗೆ. ಒಂದರಲ್ಲಿ ತಂತಿವಾದ್ಯ ನುಡಿಸುವವನು. ಒಂದರಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಂಡ ಜೋಡಿ. ಕುಸ್ತಿಯೋ ಪ್ರೀತಿಯೋ ನೋಡುವವರಿಗೆ ಬಿಟ್ಟದ್ದು. ಶಿಲುಬೆ ಹೊತ್ತ ದೇವರ ಕುರಿಮರಿಯೂ ಇದೆ, ಕುದುರೆಮರಿಯ ಮುಖದ್ದು. ಕ್ರೈಸ್ತ ಸಂಕೇತ ಇಷ್ಟೊಂದರ ನಡುವೆ ಎಲ್ಲೋ ಒಂದೆರಡು ಮಾತ್ರ. ಉಳಿದದ್ದೆಲ್ಲ ಕಾಡು, ಮನೆ, ಕನಸು.

ಪೂರ್ವದ ಅರ್ಧವರ್ತುಲದ ಮೇಲೆ, ಬಲಿಪೀಠದ ಹೊರಗೋಡೆಗೇ, ಷೀಲಾ-ನ-ಗಿಗ್ ಇದ್ದಾಳೆ. ದೊಡ್ಡ ಬೋಳುತಲೆ, ಉಬ್ಬುಗಣ್ಣು. ಎರಡೂ ಕೈಗಳಿಂದ ತನ್ನ ಯೋನಿಯನ್ನು ಅಗಲಿಸಿ ತೋರಿಸುತ್ತಿರುವ ಹೆಣ್ಣು. ಐರ್ಲೆಂಡಿನಲ್ಲೂ ಬ್ರಿಟನ್ನಿನಲ್ಲೂ ಇಂಥ ಆಕೃತಿಗಳು ಅನೇಕ ಚರ್ಚುಗಳ, ಕೋಟೆಗಳ ಗೋಡೆಯ ಮೇಲಿವೆ. ಕಾಮದ ವಿರುದ್ಧ ಎಚ್ಚರಿಕೆ ಎಂದು ಕೆಲವರು, ಕೆಟ್ಟ ದೃಷ್ಟಿ ತಡೆಯುವ ರಕ್ಷೆ ಎಂದು ಕೆಲವರು, ಹೆರಿಗೆಯ ಹೊತ್ತಿನಲ್ಲಿ ಹೆಂಗಸರು ನೆನೆಯುತ್ತಿದ್ದ ಹಳೆಯ ಶಕ್ತಿ ಎಂದು ಕೆಲವರು ಹೇಳುತ್ತಾರೆ. ಅವಳ ಮುಖವನ್ನು ಬಹಳ ಹೊತ್ತು ನೋಡಿದೆ. ಪಾಪಿಯ ಮುಖ ಅದಲ್ಲ. ಭಯವಿಲ್ಲದ, ನಾಚಿಕೆಯಿಲ್ಲದ, ಹೆಚ್ಚುಕಡಿಮೆ ನಗುವ ಮುಖ. ಎಚ್ಚರಿಕೆಗಾಗಿ ಕೆತ್ತಿದವನು ಇಷ್ಟು ಅಕ್ಕರೆಯಿಂದ ಕೆತ್ತುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಪಶ್ಚಿಮದ ಗೋಡೆಗೆ ಬಂದರೆ ಮೂರು ಡ್ರ್ಯಾಗನ್ ತಲೆಗಳು ಗೋಡೆಯಿಂದ ಬಹುದೂರ ಹೊರಗೆ ಚಾಚಿವೆ. ಒಂದರ ಬಾಯಿ ಪೂರ್ತಿ ತೆರೆದು ಒಳಗೆ ನಾಲಗೆ ಸುರುಳಿಯಾಗಿದೆ. ಕಲ್ಲಿನಲ್ಲಿ ಇಷ್ಟು ತೆಳುವಾದದ್ದನ್ನು ಇಷ್ಟು ಹೊರಗೆ ಚಾಚಿಸುವುದು ಎದೆಗಾರಿಕೆಯ ಕೆಲಸ. ಮರದ ಹಡಗಿನ ಮೂತಿ ಕೆತ್ತುವವರ ಧೈರ್ಯ ಕಲ್ಲಿಗೆ ಬಂದಿದೆ.

ಒಳಗೆ ವಯಸ್ಸಾದ ಹೆಂಗಸೊಬ್ಬರು ಭಾನುವಾರಕ್ಕೆಂದು ಹೂ ಜೋಡಿಸುತ್ತಿದ್ದರು. ಹೊರಗಿನ ಗದ್ದಲಕ್ಕೆ ಹೋಲಿಸಿದರೆ ಒಳಗೆ ಎಲ್ಲ ಸರಳ. ಸುಣ್ಣದ ಗೋಡೆ, ಚಿಕ್ಕ ಕಿಟಕಿ, ಮಧ್ಯಾಹ್ನದಲ್ಲೂ ಅರೆಗತ್ತಲು. ಪಾದ್ರಿಯ ಭಾಗಕ್ಕೆ ಹೋಗುವ ಕಮಾನಿನ ಎರಡೂ ಬದಿಯ ಕಂಬಗಳಲ್ಲಿ ಮೂರು ಮೂರು ಸಂತರು, ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಪಾದ. ಒಬ್ಬನ ಕೈಯಲ್ಲಿ ಬೀಗದ ಕೈ, ಅವನು ಸ್ವರ್ಗದ ಬಾಗಿಲು ಕಾಯುವ, ಕ್ರಿಸ್ತನ ಶಿಷ್ಯ ಪೀಟರ್. ಸಂತರನ್ನು ಹೀಗೆ ಕಂಬಕ್ಕೇ ಒರಗಿಸಿ ನಿಲ್ಲಿಸುವ ರೀತಿ ಸ್ಪೇನಿನ ಸಾಂತಿಯಾಗೊ ಯಾತ್ರಾಸ್ಥಳದ ಬಾಗಿಲುಗಳಲ್ಲಿದೆ. ಅಲ್ಲಿಗೂ ಇಲ್ಲಿಗೂ ಇರುವ ನಂಟು ನಾಲ್ಕನೆಯ ದಿನದ ಮಾತು. ಬಲಿಪೀಠದ ಮೇಲಿನ ಕಲ್ಲಿನ ಛಾವಣಿಯಲ್ಲಿ ಪಟ್ಟಿಗಳು ಬಂದು ಕೂಡುವ ಗಂಟಿಗೆ ಪ್ರಾಣಿಮುಖಗಳನ್ನು ಕೊಟ್ಟಿದ್ದಾರೆ.

ಹೂ ಜೋಡಿಸುತ್ತಿದ್ದ ತಾಯಿ ನಮ್ಮನ್ನು ಹೊರಗೆ ಕರೆದು ಅಂಕಣದ ಈಶಾನ್ಯ ಮೂಲೆ ತೋರಿಸಿದರು. ಅಲ್ಲಿಯ ಕಲ್ಲುಗಳು ಬೇರೆ: ಉದ್ದ ಒಂದು, ಅಡ್ಡ ಒಂದು ಎಂದು ಪೇರಿಸಿದ ಒರಟು ಕಟ್ಟಣೆ. ಅದು ನಾರ್ಮನ್ನರಿಗಿಂತ ಮೊದಲಿನದು. ಈ ಸೀಮೆ ಆಗ ವೆಲ್ಷ್ ಮಾತಾಡುವವರದು. ಚರ್ಚು ಮೇರಿಯ ಜೊತೆಗೆ ವೇಲ್ಸ್‌ನ ಸಂತ ಡೇವಿಡ್‌ನ ಹೆಸರನ್ನೂ ಹೊತ್ತಿದೆ. 1840ರ ದಶಕದಲ್ಲಿ ಲೂಯಿಸ್ ನಾಕಲ್ಸ್ ಕಾಟಿಂಗ್‌ಹ್ಯಾಮ್ ಎಂಬ ವಾಸ್ತುಶಿಲ್ಪಿಯ ಕೈಗೆ ದುರಸ್ತಿ ಬಂತು. ಆ ಕಾಲದ ಎಷ್ಟೋ ಮಂದಿ ಹಳೆಯದನ್ನು ಕೆರೆದು ಹೊಸದಾಗಿ ಕೆತ್ತಿಸುತ್ತಿದ್ದರು. ಇಲ್ಲಿ ಕೆತ್ತನೆಗಳ ಮೇಲೆ ಉಳಿ ಆಡಿಸಲಿಲ್ಲ. ಆ ಸಂಯಮಕ್ಕೆ ನಾವು ಋಣಿಗಳು.

ಮೂರನೆಯ ದಿನ: ರೋಲ್‌ಸ್ಟೋನ್, ಡೋರ್

ಬೆಳಗ್ಗೆ ಜಿಟಿಜಿಟಿ ಮಳೆ. ವೇಲ್ಸ್ ಗಡಿಯ ಹತ್ತಿರದ ಏರಿನಲ್ಲಿ ರೋಲ್‌ಸ್ಟೋನ್ ಸಿಕ್ಕಿತು. ಒಂದು ತೋಟದ ಮನೆಯ ಪಕ್ಕ ಚರ್ಚು, ಬೀಗವಿಲ್ಲದ ಬಾಗಿಲು. ಬಾಗಿಲ ಮೇಲಿನ ಕಲ್ಲಿನಲ್ಲಿ ಬಾದಾಮಿಯಾಕಾರದ ಪ್ರಭೆಯೊಳಗೆ ಕುಳಿತ ಕ್ರಿಸ್ತ. ಅದನ್ನು ಹಿಡಿದ ನಾಲ್ವರು ದೇವದೂತರು ತಲೆಕೆಳಗಾಗಿ ಧುಮುಕುತ್ತಿದ್ದಾರೆ. ಮೈಮೇಲೆ ಅವೇ ಒತ್ತು ಗೆರೆಗಳು. "ಅದೇ ಕೈ, ಅಕ್ಕ" ಎಂದು ತಮ್ಮನೇ ಮೊದಲು ಗುರುತಿಸಿದಾಗ ನನಗಾದ ಸಂತೋಷ ಹೇಳತೀರದು.

ಒಳಗಿನ ಕಮಾನಿನ ಬೋದಿಗೆಗಳ ಮೇಲೆ ಸಾಲು ಹಕ್ಕಿಗಳು. ಒಂದು ಬದಿಯಲ್ಲಿ ದೇವದೂತನನ್ನೂ ಸಂತನನ್ನೂ ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಚರ್ಚು ಪೀಟರ್‌ನದು. ಅವನನ್ನು ತಲೆಕೆಳಗಾಗಿ ಶಿಲುಬೆಗೇರಿಸಿದರು ಎಂಬ ಪರಂಪರೆಯ ಕಥೆಯೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ನನಗೂ ಹಾಗೆಯೇ ತೋರುತ್ತದೆ. ಇಷ್ಟು ನಾಜೂಕಾದ ಕೆಲಸದಲ್ಲಿ ಕಲ್ಲು ತಿರುಗಿಸಿಟ್ಟದ್ದು ಕೈತಪ್ಪಿನಿಂದ ಆಗಿರಲಾರದು.

ಅಲ್ಲಿಂದ ಗೋಲ್ಡನ್ ವ್ಯಾಲಿಗೆ ಇಳಿದರೆ ಡೋರ್ ಮಠ. 1147ರಲ್ಲಿ ಫ್ರಾನ್ಸಿನ ಮೊರಿಮೊಂಡ್‌ನಿಂದ ಬಂದ, ಸರಳತೆಗೆ ಹೆಸರಾದ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಹೂಡಿದ್ದು. ಕಿಲ್ಪೆಕ್ ಕೆತ್ತನೆ ಮುಗಿದು ಹೆಚ್ಚು ವರ್ಷವಾಗಿರಲಿಲ್ಲ, ದೂರವೂ ಕೆಲವೇ ಕಿಲೋಮೀಟರ್. ಆದರೆ ಲೋಕವೇ ಬೇರೆ. ಈ ಪಂಥದ ಹಿರಿಯ ಕ್ಲೇರ್ವೋದ ಬರ್ನಾರ್ಡ್ 1125ರ ಸುಮಾರಿಗೆ ಬರೆದ ಪತ್ರವೊಂದರಲ್ಲಿ ಮಠಗಳ ಮೊಗಸಾಲೆಯ ಕೆತ್ತನೆಗಳ ಮೇಲೆ ಹರಿಹಾಯ್ದಿದ್ದ: ಓದುವ ಸನ್ಯಾಸಿಗಳ ಕಣ್ಣೆದುರು ಮಂಗಗಳಿಗೆ, ಸಿಂಹಗಳಿಗೆ, ಅರೆಮಾನವರಿಗೆ, ಕಾದಾಡುವ ಯೋಧರಿಗೆ ಏನು ಕೆಲಸ? ಈ ಅಸಂಬದ್ಧಕ್ಕೆ ನಾಚಿಕೆಯಾಗದಿದ್ದರೂ ಖರ್ಚಿಗಾದರೂ ಹಿಂಜರಿಕೆ ಬೇಡವೇ? ಅವನು ಹೇಳಿದ ಪಟ್ಟಿ ಕಿಲ್ಪೆಕ್‌ನ ಸೂರನ್ನೇ ಕಂಡು ಬರೆದ ಹಾಗಿದೆ. ಡೋರ್‌ನಲ್ಲಿ ಮೃಗಗಳಿಲ್ಲ, ಎತ್ತರ, ಬೆಳಕು, ಅಳತೆ ಮಾತ್ರ. ಆ ಸೌಂದರ್ಯವನ್ನು ಅಲ್ಲಗಳೆಯಲಾರೆ. ಆದರೂ ನನ್ನ ಮನಸ್ಸು ಬರ್ನಾರ್ಡ್‌ನ ಪಕ್ಷ ವಹಿಸಲು ಒಪ್ಪುವುದಿಲ್ಲ.

1536ರಲ್ಲಿ ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದೂ ಹೋಯಿತು. ಒಂದು ಶತಮಾನದ ಬಳಿಕ ಜಾನ್ ಸ್ಕುಡಮೋರ್ ಎಂಬ ಜಮೀನುದಾರ, ಈ ಸೀಮೆಯ ರೆಡ್‌ಸ್ಟ್ರೀಕ್ ಸೇಬಿನಿಂದ ಮಾಡುವ ಸೈಡರ್ ಎಂಬ ಮದ್ಯಕ್ಕೆ ಹೆಸರು ತಂದವನು, ಉಳಿದ ಪೂರ್ವಭಾಗವನ್ನು ದುರಸ್ತಿ ಮಾಡಿಸಿ ಊರಿನ ಚರ್ಚಾಗಿಸಿದ. 1634ರಲ್ಲಿ ಮತ್ತೆ ಪ್ರತಿಷ್ಠೆಯಾಯಿತು. ಕಳೆದುಹೋಗಿದ್ದ ಬಲಿಪೀಠದ ಹಾಸುಗಲ್ಲು ಒಂದು ರೈತನ ಮನೆಯಲ್ಲಿ ಮಾಂಸಕ್ಕೆ ಉಪ್ಪು ಸವರಲು, ಗಿಣ್ಣು ಮಾಡಲು ಬಳಕೆಯಾಗುತ್ತಿತ್ತಂತೆ. ಅದನ್ನೂ ಹುಡುಕಿ ತಂದ. ಜಾನ್ ಏಬಲ್ ಎಂಬ ಸ್ಥಳೀಯ ಬಡಗಿಯಿಂದ ಓಕ್ ಮರದ ದೊಡ್ಡ ತಡಿಕೆ ಮಾಡಿಸಿದ. ಮಠದ ಜನಭಾಗ ನಿಂತಿದ್ದ ಜಾಗದಲ್ಲಿ ಈಗ ಹುಲ್ಲು, ಸಮಾಧಿಗಳು, ಒಂದೆರಡು ಮುರಿದ ಕಂಬ.

ನಾಲ್ಕನೆಯ ದಿನ: ಎರ್ಡ್‌ಸ್ಲಿ, ಪೆಂಬ್ರಿಜ್, ಶೋಬ್ಡನ್

ಜಿಲ್ಲೆಯ ವಾಯವ್ಯಕ್ಕೆ ಹೊರಟೆವು. ಕರಿಯ ಮರದ ಚೌಕಟ್ಟು, ನಡುವೆ ಬಿಳಿಯ ಗಾರೆ ತುಂಬಿದ ಮನೆಗಳ ಹಳ್ಳಿಗಳು ಒಂದರ ಹಿಂದೊಂದು. ಎರ್ಡ್‌ಸ್ಲಿಯ ಚರ್ಚಿನಲ್ಲಿ ನೋಡಬೇಕಾದದ್ದು ದೀಕ್ಷಾಸ್ನಾನದ ಕಲ್ಲುತೊಟ್ಟಿ. ಸುಮಾರು 1150ರದು. ಅದರ ಸುತ್ತ ನಡೆದೇ ನೋಡಬೇಕು, ಏಕೆಂದರೆ ಕಥೆ ಸುತ್ತಲೂ ಓಡುತ್ತದೆ. ಇಬ್ಬರು ಯೋಧರು ಬಳ್ಳಿಯ ನಡುವೆ ಕಾದಾಡುತ್ತಿದ್ದಾರೆ. ಒಬ್ಬನ ಈಟಿ ಇನ್ನೊಬ್ಬನ ತೊಡೆಗೆ ನೆಟ್ಟಿದೆ, ಇನ್ನೊಬ್ಬನ ಕತ್ತಿ ಮೇಲೆದ್ದಿದೆ. ಕಿಲ್ಪೆಕ್‌ನ ಅದೇ ಟೊಪ್ಪಿ, ಅದೇ ಷರಾಯಿ. ಆಮೇಲೆ ಕ್ರಿಸ್ತ: ಹೆಣೆದ ಹಗ್ಗದಂಥ ತೊಡಕಿನಿಂದ ಒಬ್ಬನ ಕೈ ಹಿಡಿದು ಸೆಳೆದು ಬಿಡಿಸುತ್ತಿದ್ದಾನೆ. ಶಿಲುಬೆಗೇರಿದ ಬಳಿಕ ನರಕಕ್ಕೆ ಇಳಿದು ಸೆರೆಯಲ್ಲಿದ್ದವರನ್ನು ಬಿಡಿಸಿ ತಂದ ಪ್ರಸಂಗ. ಅವನ ಇಡೀ ಮೈ ಸೆಳೆತದ ಭಾರಕ್ಕೆ ವಾಲಿದೆ. ಪಕ್ಕದಲ್ಲಿ ಒಂದು ದೊಡ್ಡ ಸಿಂಹ.

ಯೋಧರ ಕಾಳಗ ಇಲ್ಲಿಯ ಕೋಟೆಯ ಒಡೆಯನಾಗಿದ್ದ ಬಾಸ್ಕರ್‌ವಿಲ್ ಮನೆತನದವನಿಗೂ ಅವನ ಮಾವನಿಗೂ ನಡೆದದ್ದು ಎಂಬ ಮಾತು ಊರಿನಲ್ಲಿದೆ. ಇರಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ತೊಡಕು. ಯೋಧರು ಸಿಕ್ಕಿಕೊಂಡಿರುವುದೂ ಅದೇ ಬಳ್ಳಿಯಲ್ಲಿ, ಕ್ರಿಸ್ತ ಬಿಡಿಸುತ್ತಿರುವುದೂ ಅದೇ ಬಳ್ಳಿಯಿಂದ. ಮಗುವಿಗೆ ನೀರು ಹಾಕುವ ತೊಟ್ಟಿಯ ಮೇಲೆ ಇದನ್ನು ಕೆತ್ತಿದವನಿಗೆ ತಾನು ಹೇಳುತ್ತಿರುವುದು ಏನೆಂದು ಚೆನ್ನಾಗಿ ಗೊತ್ತಿತ್ತು.

ಪೆಂಬ್ರಿಜ್‌ನಲ್ಲಿ ಊಟಕ್ಕೆ ನಿಂತೆವು. ಅಲ್ಲಿ ಗಂಟೆಗೋಪುರ ಚರ್ಚಿನಿಂದ ಬೇರೆಯಾಗಿ ಅಂಗಳದಲ್ಲಿ ನಿಂತಿದೆ. ಎಂಟು ಮೂಲೆಯ ಕಲ್ಲಿನ ಅಡಿ, ಮೇಲೆ ಮೂರು ಅಂತಸ್ತಿನ ಮಾಡು, ಒಳಗೆ ದೈತ್ಯ ಕಂಬಗಳ ಕಾಡು. ಮರದ ಉಂಗುರ ಎಣಿಸುವ ವಿಧಾನದಿಂದ ಹಳೆಯ ತೊಲೆಗಳು 13ನೆಯ ಶತಮಾನದ ಆರಂಭದವು ಎಂದು ತಿಳಿದಿದೆ.

ಮಧ್ಯಾಹ್ನ ಶೋಬ್ಡನ್. ಇದಕ್ಕಾಗಿ ನಾನು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ.

ಶೋಬ್ಡನ್‌ನ ಚರ್ಚೇ ಈ ಶಿಲ್ಪಿಗಳ ತಂಡದ ಆರಂಭದ ಕೆಲಸಗಳಲ್ಲೊಂದು. ವಿಗ್‌ಮೋರ್ ಮಠದ ವೃತ್ತಾಂತದಲ್ಲಿ ಅದರ ಕಥೆಯಿದೆ. ಹ್ಯೂ ಮಾರ್ಟಿಮರ್ ಎಂಬ ಪ್ರಭುವಿನ ಬಳಿ ಪಾರುಪತ್ಯಗಾರನಾಗಿದ್ದ ಆಲಿವರ್ ಡಿ ಮೆರ್ಲಿಮಾಂಡ್ 1130ರ ದಶಕದಲ್ಲಿ ಇಲ್ಲಿ ಚರ್ಚು ಕಟ್ಟಿಸಲು ತೊಡಗಿ, ನಡುವೆ ಸಾಂತಿಯಾಗೊ ಯಾತ್ರೆಗೆ ಹೋದ. ಹಿಂದಿರುಗುವಾಗ ಪ್ಯಾರಿಸಿನ ಸೇಂಟ್ ವಿಕ್ಟರ್ ಮಠದಲ್ಲಿ ತಂಗಿದ. ಊರಿಗೆ ಬಂದು ಚರ್ಚು ಪೂರೈಸಿದ. ಹೆರೆಫರ್ಡ್‌ನ ಬಿಷಪ್ ರಾಬರ್ಟ್ ಡಿ ಬೆಥ್ಯೂನ್ ಬಂದು ಪ್ರತಿಷ್ಠೆ ಮಾಡಿದ. ಯಾತ್ರೆಯ ದಾರಿಯಲ್ಲಿ ಕಂಡ ಫ್ರಾನ್ಸ್, ಸ್ಪೇನಿನ ಬಾಗಿಲುಗಳ ನೆನಪು ಈ ಮೂಲೆಯ ಹಳ್ಳಿಗಳಿಗೆ ಬಂದದ್ದು ಹೀಗೆ ಎಂದು ಅನೇಕ ವಿದ್ವಾಂಸರು ನಂಬುತ್ತಾರೆ. ಕಿಲ್ಪೆಕ್‌ನ ಕಂಬದ ಸಂತರಿಗೂ ಸಾಂತಿಯಾಗೊಕ್ಕೂ ಇರುವ ಕೊಂಡಿ ಇವನೇ.

1750ರ ದಶಕದಲ್ಲಿ ಶೋಬ್ಡನ್‌ನ ಒಡೆಯರಾಗಿದ್ದ ಬೇಟ್‌ಮನ್ ಮನೆತನದವರು ಆ ಚರ್ಚನ್ನು ಕೆಡವಿ ಹೊಸದು ಕಟ್ಟಿಸಿದರು. ಹಣವಿತ್ತು, ಹೊಸ ಅಭಿರುಚಿಯಿತ್ತು, ಸ್ಟ್ರಾಬೆರಿ ಹಿಲ್ ಎಂಬ ಮನೆಯನ್ನು ಚೂಪುಕಮಾನಿನ ಶೈಲಿಯಲ್ಲಿ ಕಟ್ಟಿಸಿದ ಲೇಖಕ ಹೊರೇಸ್ ವಾಲ್ಪೋಲ್‌ನ ಗೆಳೆತನವಿತ್ತು. ಹೊಸ ಚರ್ಚು ಒಳಗೆಲ್ಲ ಬಿಳಿ ಮತ್ತು ತಿಳಿನೀಲಿ. ಕೂರುವ ಬೆಂಚಿಗೂ ನಾಜೂಕಾದ ಚೂಪುಕಮಾನಿನ ಅಂಚು. ಚೆಲುವಾಗಿದೆ, ಸುಳ್ಳು ಹೇಳಲಾರೆ. ಹಳೆಯ ಚರ್ಚಿನ ದೊಡ್ಡ ಕಮಾನನ್ನೂ ಎರಡು ಬಾಗಿಲುಗಳನ್ನೂ ಅವರು ಒಡೆದು ಹಾಕಲಿಲ್ಲ. ಉತ್ತರಕ್ಕಿರುವ ದಿನ್ನೆಯ ಮೇಲೆ ಹುಲ್ಲುದಾರಿಯ ಕೊನೆಗೆ, ಬಂಗಲೆಯಿಂದ ಕಾಣುವ ನೋಟವಾಗಲೆಂದು ಸಾಲಾಗಿ ಜೋಡಿಸಿದರು. ಮೇಲೆ ಮಾಡಿಲ್ಲ.

ಹುಲ್ಲುದಾರಿ ಏರಿ ಹೋದೆವು. ದೂರದಿಂದ ಕಮಾನುಗಳು ಗಟ್ಟಿಯಾಗಿಯೇ ಕಾಣುತ್ತವೆ. ಹತ್ತಿರ ಹೋದಂತೆ ಮುಖಗಳು ಇಲ್ಲವಾಗುತ್ತವೆ. ಕಂಬದಲ್ಲಿ ಯೋಧರಿದ್ದ ಕಡೆ ಕರಗಿದ ಮೇಣದಂಥ ಉಬ್ಬು. ಬಾಗಿಲ ಮೇಲಿನ ಒಂದು ಕಲ್ಲಿನಲ್ಲಿ ಪ್ರಭೆಯೊಳಗಿನ ಕ್ರಿಸ್ತ, ಇನ್ನೊಂದರಲ್ಲಿ ನರಕದಿಂದ ಬಿಡಿಸುವ ಕ್ರಿಸ್ತ ಇದ್ದರು. ಬೆಳಗ್ಗೆ ಎರ್ಡ್‌ಸ್ಲಿಯಲ್ಲಿ ಅದೇ ಪ್ರಸಂಗವನ್ನು ಅಷ್ಟು ಹರಿತವಾಗಿ ನೋಡಿದ್ದರಿಂದ ಇಲ್ಲಿ ಕೈ ಎಲ್ಲಿರಬೇಕು, ಮೈ ಎತ್ತ ವಾಲಿರಬೇಕು ಎಂದು ಊಹಿಸಬಹುದಾಗಿತ್ತು, ಅಷ್ಟೆ. ಮಾಡಿನ ನೆರಳಿಗೆಂದು ಕೆತ್ತಿದ ಕಲ್ಲನ್ನು ಬಯಲಿಗೆ ತಂದರೆ ಮಳೆನೀರು ಮೇಲಂಚಿನಿಂದ ಒಳಕ್ಕೆ ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ, ಪದರ ಪದರವಾಗಿ ಮುಖ ಕಳಚುತ್ತದೆ. ಕಿಲ್ಪೆಕ್‌ನ ಕೆತ್ತನೆಗಳೂ ಹೊರಗಿನವೇ. ಆದರೆ ಅಲ್ಲಿಯ ಕಲ್ಲು ಗಟ್ಟಿ, ತಲೆಯ ಮೇಲೆ ಸೂರಿದೆ, ಹಿಂದೆ ಗೋಡೆಯಿದೆ.

ಜಾರ್ಜ್ ರಾಬರ್ಟ್ ಲೂಯಿಸ್ ಎಂಬ ಚಿತ್ರಕಾರ 1842ರಲ್ಲಿ ಕಿಲ್ಪೆಕ್‌ನ, 1852ರಲ್ಲಿ ಶೋಬ್ಡನ್‌ನ ಚಿತ್ರಗಳನ್ನು ಪ್ರಕಟಿಸಿದ. ಶೋಬ್ಡನ್‌ನಲ್ಲಿ ಏನಿತ್ತು ಎಂದು ನಮಗೆ ವಿವರವಾಗಿ ತಿಳಿಯುವುದು ಅವನಿಂದಲೇ. ಈ ಕಮಾನುಗಳಿಂದ ತೆಗೆದ ಗಾರೆಯ ಅಚ್ಚುಗಳು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿದ್ದವು. 1936ರ ಬೆಂಕಿಯಲ್ಲಿ ಅವೂ ಹೋದವು.

"ಕಿಲ್ಪೆಕ್‌ನವರ ಬಳಿ ಹಣ ಇದ್ದಿದ್ದರೆ?" ಎಂದ ತಮ್ಮ. ನನಗೆ ಉತ್ತರಿಸಲು ಆಗಲಿಲ್ಲ, ಸಿಟ್ಟು ಬಂದಿತ್ತು. ಹಳೆಯ ನಾರ್ಮನ್ ತೊಟ್ಟಿಯೊಂದನ್ನು ಮಾತ್ರ ಹೊಸ ಚರ್ಚಿನ ಒಳಗಿಟ್ಟಿದ್ದಾರೆ. ಅದರ ಕಾಂಡದ ಸುತ್ತ ನಡೆಯುವ ಸಿಂಹಗಳು ಮಾಡಿನ ಕೆಳಗಿದ್ದುದರಿಂದ ಇನ್ನೂ ಸಿಂಹಗಳಾಗಿಯೇ ಇವೆ.

ಐದನೆಯ ದಿನ: ಕಾಸಲ್ ಫ್ರೋಮ್

ಬರ್ಮಿಂಗ್‌ಹ್ಯಾಮ್‌ಗೆ ಮರಳುವ ದಾರಿಯಲ್ಲಿ ಸ್ವಲ್ಪ ಬಳಸಿ ಕಾಸಲ್ ಫ್ರೋಮ್‌ಗೆ ಹೋದೆವು. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿ ಬೆಳೆಯುವ ಕಣಿವೆ. ರಸ್ತೆಯ ಬದಿಯ ಏರಿನಲ್ಲಿ ಚಿಕ್ಕ ಚರ್ಚು. ಒಳಗೆ ಈ ತಂಡದ ಇನ್ನೊಂದು ತೊಟ್ಟಿ. ಅಗಲವಾದ ಬೋಗುಣಿ, ಅದರ ಭಾರಕ್ಕೆ ಬೆನ್ನೊಡ್ಡಿ ನೆಲಕ್ಕೆ ಕುಸಿದ ಆಕೃತಿಗಳು. ಮೇಲೆ ಕ್ರಿಸ್ತನ ದೀಕ್ಷಾಸ್ನಾನ: ಸುರುಳಿ ಗೆರೆಗಳ ದುಂಡನೆಯ ಕೊಳದಲ್ಲಿ ಸೊಂಟದವರೆಗೆ ನಿಂತ ಕ್ರಿಸ್ತ, ನೀರಲ್ಲಿ ಮೀನುಗಳು, ಮೇಲಿಂದ ದೇವರ ಕೈ, ಪಾರಿವಾಳ, ಪಕ್ಕದಲ್ಲಿ ದೀಕ್ಷೆ ಕೊಡುವ ಯೋಹಾನ. ಸುತ್ತಲೂ ಕ್ರಿಸ್ತನ ಚರಿತ್ರೆ ಬರೆದ ನಾಲ್ವರು ಸುವಾರ್ತಿಕರ ಸಂಕೇತಗಳು: ಮನುಷ್ಯ, ಸಿಂಹ, ಎತ್ತು, ಹದ್ದು. ಎರ್ಡ್‌ಸ್ಲಿಯ ರಭಸ ಇಲ್ಲಿಲ್ಲ. ಗೆರೆಗಳು ಅವೇ, ಕೈ ಮೆತ್ತಗಾಗಿದೆ. ಕೊಳವನ್ನು ಮೇಲಿನಿಂದ ನೋಡಿದ ಹಾಗೂ ಕ್ರಿಸ್ತನನ್ನು ಎದುರಿನಿಂದ ನೋಡಿದ ಹಾಗೂ ಒಟ್ಟಿಗೇ ಕೆತ್ತಿದ್ದಾನೆ. ಎರಡೂ ಸಹಜವಾಗಿ ಒಪ್ಪುತ್ತವೆ.

ಹೋಗುವ ಮನಸ್ಸಿರುವವರಿಗೆ ಒಂದೆರಡು ಮಾತು. ಹೆರೆಫರ್ಡ್‌ನಲ್ಲಿ ಉಳಿದುಕೊಂಡರೆ ಇವೆಲ್ಲವೂ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ದುರ್ಬೀನು ತಪ್ಪದೆ ಒಯ್ಯಿರಿ, ಕಿಲ್ಪೆಕ್‌ನ ಸೂರಿನ ಕಲ್ಲುಗಳು ತಲೆಯೆತ್ತಿ ನೋಡುವಷ್ಟು ಎತ್ತರದಲ್ಲಿವೆ. ದಕ್ಷಿಣದ ಬಾಗಿಲಿಗೆ ಓರೆಬಿಸಿಲು ಬೀಳುವ ಹೊತ್ತು ಒಳ್ಳೆಯದು, ಡ್ರ್ಯಾಗನ್ ತಲೆಗಳಿಗೆ ಸಂಜೆ. ಉತ್ತರದ ಗೋಡೆಗೆ ಮೋಡದ ದಿನವೇ ವಾಸಿ. ಬಾಗಿಲ ಬಳಿಯ ಕಾಣಿಕೆ ಡಬ್ಬಿಗೆ ಧಾರಾಳವಾಗಿ ಹಾಕಿ. ಈ ಮಾಡುಗಳನ್ನು ಸೋರದಂತೆ ಕಾಯುವ ಹೊಣೆ ಬಹುಪಾಲು ಆಯಾ ಊರಿನ ಬೆರಳೆಣಿಕೆಯ ಜನರ ಮೇಲಿದೆ. ಶೋಬ್ಡನ್‌ಗೆ ಹೋಗುವುದಾದರೆ ಕಿಲ್ಪೆಕ್, ಎರ್ಡ್‌ಸ್ಲಿ ನೋಡಿದ ಮೇಲೆ ಹೋಗಿ. ಆಗ ಮಾತ್ರ ಆ ಸವೆದ ಕಲ್ಲುಗಳಲ್ಲಿ ಯಾರು ಎಲ್ಲಿದ್ದರೆಂದು ಕಣ್ಣು ಹುಡುಕಿಕೊಳ್ಳುತ್ತದೆ.